ಕೋಠಿಯ ಕರಿಕಲ್ಲು, ಅಜ್ಜಿಯ ಅಂಗೈ

ನಾನು ನಿಂತಿದ್ದು ಶಿಲ್ಪಗಳ ಕೋಣೆಯಲ್ಲಿ, ಬಾಗಿಲಿನಿಂದ ಎಣಿಸಿದರೆ ಮೂರನೆಯ ಕಂಬದ ಪಕ್ಕ. ಎಡಗೈ ಕಂಬಕ್ಕೆ ತಾಗಿತ್ತು, ಬಲಗೈಯಲ್ಲಿ ಬಿಸಿಬಿಸಿ ತಿಂಡಿಯ ದೊನ್ನೆ ಇತ್ತು. ಸಂಕ್ರಾಂತಿಗೆ ಮೂರು ದಿನ ಮುಂಚಿನ ಶನಿವಾರ. ಗೋಡೆಯ ಗಡಿಯಾರ ಹನ್ನೆರಡು ಹೊಡೆದು ಮುಗಿಸಿತ್ತು, ಹನ್ನೆರಡೂಕಾಲು ಇನ್ನೂ ಆಗಿರಲಿಲ್ಲ. ಅಜ್ಜಿ ನನ್ನಿಂದ ಹದಿನಾಲ್ಕು ಹೆಜ್ಜೆ ದೂರದಲ್ಲಿ, ಕಲ್ಲಿನ ನಂದಿಯ ಮಗ್ಗುಲಲ್ಲಿ ನೆಲದ ಮೇಲೆ ಕೂತಿದ್ದಳು. ಆ ಹೆಜ್ಜೆಗಳನ್ನು ನಾನು ಅಳೆದದ್ದು ಮರುವಾರ. ಹತ್ತು ವರ್ಷದವನ ಹೆಜ್ಜೆ ಅವು.

ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಆ ದಿನದ ಕಥೆಯನ್ನು ನಮ್ಮ ಮನೆಯಲ್ಲಿ ಬೇರೆ ಬೇರೆ ರೀತಿ ಹೇಳುತ್ತಾರೆ. ಅವ್ವ ಹೇಳುವಾಗ ನಾನು ಅಜ್ಜಿಯನ್ನು ಕಂಡ ಕೂಡಲೇ ಓಡಿಹೋಗಿ ಅಡ್ಡ ನಿಲ್ಲುತ್ತೇನೆ. ಅವ್ವ ಅಲ್ಲಿರಲಿಲ್ಲ. ನಾನು ಕೂಡಲೇ ಓಡಲಿಲ್ಲ. ಗೆದ್ದ ದಿನದ ಕಥೆಯೇ ಇದು, ಅದರಲ್ಲಿ ಅನುಮಾನವಿಲ್ಲ. ಆದರೆ ಗೆಲ್ಲುವ ಮುಂಚೆ ನಾನು ಎಷ್ಟು ಹೊತ್ತು ಸುಮ್ಮನಿದ್ದೆ ಎಂಬುದೂ ಅದರೊಳಗೆ ಇರಬೇಕು.

ಆಗೆಲ್ಲ ಕಾಶಿಯ ಚಳಿಗೆ ದೊಡ್ಡವರಿಗಿಂತ ಶಾಲೆಗಳೇ ಹೆಚ್ಚು ಹೆದರುತ್ತಿದ್ದವು. ಜನವರಿಯ ಮೊದಲ ವಾರ ಕೊಹರಾ, ಅಂದರೆ ದಟ್ಟ ಮಂಜು, ಇಳಿದರೆ ಮುಗಿಯಿತು. ಹೊಳೆಯ ಆಚೆಯ ರಾಮನಗರ ಇರಲಿ, ಮುಂದೆ ಹೋಗುವ ಸೈಕಲ್ಲಿನ ಹಿಂದಿನ ಚಕ್ರವೂ ಕಾಣುತ್ತಿರಲಿಲ್ಲ. ಬೆಳಿಗ್ಗೆ ಪತ್ರಿಕೆಯಲ್ಲಿ ರಜೆಯ ಸುದ್ದಿ ಬರುತ್ತಿತ್ತು, ನಾವು ರಜಾಯಿಯೊಳಗೇ ಮಗ್ಗುಲು ಬದಲಿಸಿ ನಗುತ್ತಿದ್ದೆವು. ಎಂಟು ಗಂಟೆಗೆ ಮಲಾಯಿಯೋ ಮಾರುವವನು ಬರುತ್ತಿದ್ದ. ಇಬ್ಬನಿಯಲ್ಲಿ ಇಟ್ಟ ಹಾಲಿನ ನೊರೆ, ಅದರಲ್ಲಿ ಕೇಸರಿ, ಮಣ್ಣಿನ ಕುಡಿಕೆ. ಬಾಯಿಗಿಟ್ಟರೆ ನಾಲಿಗೆಗೆ ಮುಟ್ಟುವ ಮೊದಲೇ ಇಲ್ಲವಾಗುತ್ತಿತ್ತು. ಬೀದಿಯಲ್ಲಿ ಕಡಲೆಕಾಯಿ ಹುರಿಯುವ ಮರಳಿನ ವಾಸನೆ, ಕಟ್ಟಿಗೆ ಹೊಗೆಯ ವಾಸನೆ. ಬಿಸಿಲು ಬಿದ್ದ ದಿನ ಮಹಡಿಗಳ ಮೇಲೆ ಪತಂಗ, ನಮ್ಮ ಗಾಳಿಪಟ. ಗಾಜಿನ ಪುಡಿ ಹಚ್ಚಿದ ಮಾಂಜಾ ದಾರಕ್ಕೆ ಕೊಯ್ದ ತೋರುಬೆರಳು ಆ ತಿಂಗಳೆಲ್ಲ ವಾಸಿಯಾಗುತ್ತಿರಲಿಲ್ಲ.

ಅಪ್ಪ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು, ಅವ್ವ ಆಸ್ಪತ್ರೆಯಲ್ಲಿ ಡಾಕ್ಟರು. ಇಬ್ಬರಿಗೂ ಚಳಿಗೆ ರಜೆ ಇರಲಿಲ್ಲ. ಆ ವರ್ಷ ಬೈಲಹೊಂಗಲದಿಂದ ಅಪ್ಪನ ಅವ್ವ, ನನ್ನ ನೀಲಮ್ಮಜ್ಜಿ, ಒಂದು ಟ್ರಂಕಿನ ತುಂಬ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕುಸುರೆಳ್ಳು ತುಂಬಿಕೊಂಡು ನಮ್ಮಲ್ಲಿಗೆ ಬಂದಿದ್ದಳು. ಎರಡು ದಿನದ ರೈಲು. ಇಳಿದವಳು ಹೇಳಿದ ಮೊದಲ ಮಾತು, "ಎಣ್ಣಿ ಇಲ್ಲಾ ಏನೋ ನಿಮ್ಮೂರಾಗ? ಹುಡುಗನ ತಲಿ ಹುಲ್ಲಿನ ಬಣಿವಿ ಆಗೇತಿ."

ಅಸ್ಸಿ ಘಾಟಿನ ಹಿಂದಿನ ಗಲ್ಲಿಯಲ್ಲಿ ಒಂದು ಹಳೆಯ ಕೋಠಿ, ಅಂದರೆ ದೊಡ್ಡ ಬಂಗಲೆ, ಇತ್ತು. ಜಮೀನ್ದಾರರ ಮನೆತನದವರು ಮೂರು ತಲೆಮಾರು ಕೂಡಿಸಿದ ಶಿಲ್ಪ, ಚಿತ್ರ, ಪಾತ್ರೆಗಳನ್ನು ಅದರ ಕೆಳಗಿನ ಐದು ಕೋಣೆಗಳಲ್ಲಿ ಇಟ್ಟು ಮ್ಯೂಸಿಯಂ ಮಾಡಿದ್ದರು. ಚಳಿಯ ರಜೆಯಲ್ಲಿ ಅಲ್ಲಿ ಹನ್ನೆರಡು ದಿನದ ಶಿಬಿರ. ಬೆಳಿಗ್ಗೆ ಕೋಣೆಗಳನ್ನು ಸುತ್ತಿ ನೋಡುವುದು, ಆಮೇಲೆ ಹಜಾರದಲ್ಲಿ ಕೂತು ಚಿತ್ರ ಬರೆಯುವುದು. ನಿಯಮ ಒಂದೇ: ಪ್ರತಿ ಮಗುವಿನ ಜೊತೆ ಮನೆಯ ದೊಡ್ಡವರೊಬ್ಬರು ಬರಬೇಕು, ಮತ್ತು ಬಂದ ದೊಡ್ಡವರು ಮಗುವಿನಷ್ಟೇ ಕೆಲಸ ಮಾಡಬೇಕು. ನಮ್ಮ ಮನೆಯಲ್ಲಿ ಬಿಡುವಿದ್ದ ದೊಡ್ಡವಳು ಅಜ್ಜಿ ಒಬ್ಬಳೇ.

ಶಿಬಿರ ನಡೆಸುತ್ತಿದ್ದವರು ವಿಭಾ ದೀದಿ. ಚಿತ್ರಕಲೆ ಓದಿದ್ದ, ಸದಾ ಗಂಡಸರ ಸ್ವೆಟರ್ ಹಾಕುತ್ತಿದ್ದ ಹುಡುಗಿ. ಮೊದಲ ದಿನವೇ ಎಲ್ಲರ ರಬ್ಬರುಗಳನ್ನು ಒಂದು ಡಬ್ಬಿಗೆ ಹಾಕಿಸಿಕೊಂಡರು. "ಇಲ್ಲಿ ಒಂದು ವಸ್ತುವಿನ ಮುಂದೆ ಹತ್ತು ನಿಮಿಷ ಕೂರುತ್ತೀರಿ. ಪೆನ್ಸಿಲ್ ಮುಟ್ಟುವ ಹಾಗಿಲ್ಲ. ಆಮೇಲೆ ಹಜಾರಕ್ಕೆ ಬಂದು ನೆನಪಿನಿಂದ ಬರೆಯುತ್ತೀರಿ. ಕಂಡದ್ದನ್ನು ಬರೆಯಿರಿ, ಗೊತ್ತಿರುವುದನ್ನಲ್ಲ," ಅಂದರು. ಹಿಂದಿಯಲ್ಲಿ ಹೇಳಿದ್ದನ್ನು ನಾನು ಅಜ್ಜಿಗೆ ಪಿಸುಗುಟ್ಟಿದೆ.

"ಹತ್ತ ನಿಮಿಷ ಸಾಕೇನು?" ಅಂದಳು ಅಜ್ಜಿ. ಪಿಸುಗುಟ್ಟುವುದು ಅವಳಿಗೆ ಬರುತ್ತಿರಲಿಲ್ಲ. ಹೊಲದ ಆ ಬದುವಿನಲ್ಲಿ ನಿಂತವರನ್ನು ಈ ಬದುವಿನಿಂದ ಕರೆದು ಅಭ್ಯಾಸವಿದ್ದ ದನಿ. ಕೋಣೆಯಲ್ಲಿದ್ದ ಮೂವತ್ತು ಜನವೂ ತಿರುಗಿ ನೋಡಿದರು. ನನ್ನ ಪಕ್ಕದಲ್ಲಿದ್ದ ಗುಡ್ಡಿ ಎಂಬ ಹುಡುಗಿ, ನನ್ನದೇ ಶಾಲೆಯವಳು, "ನಿನ್ನ ಅಜ್ಜಿ ಮಾತಾಡಿದರೆ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿದೆ," ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಸಂಜೆ ಮನೆಯಲ್ಲಿ ಅಜ್ಜಿಗೆ ಹೇಳಿದೆ. "ಅಜ್ಜಿ, ಅಲ್ಲಿ ನನ್ನ ಕೂಡ ಕನ್ನಡದಾಗ ಮಾತಾಡಬ್ಯಾಡ."

"ಮತ್ತ ಯಾವದರಾಗ ಮಾತಾಡ್ಲಿ? ನನಗ ಬರೂದು ಅದೊಂದ."

"ಮಾತಾಡೂದ ಬ್ಯಾಡ."

ಅಜ್ಜಿ ನನ್ನ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ಬೆರಳು ಒಂದು ಕ್ಷಣ ನಿಂತು ಮತ್ತೆ ಆಡಿದವು. "ಆತಪಾ ಶಿವೂ. ಆ ಮನಿ ಹೊಸ್ತಲಾ ದಾಟಿದ ಮ್ಯಾಲೆ ನಾ ಮೂಕಿ. ಹೊರಗ ಬಂದ ಮ್ಯಾಲೆ ಮಾತ್ರ ಎಲ್ಲಾ ಕೂಡಿಸಿ ಮಾತಾಡಾಕಿ, ತಡಕೋಬೇಕ ನೀ."

ಮರುದಿನದಿಂದ ಹಾಗೇ ನಡೆಯಿತು. ಕೋಠಿಯ ಒಳಗೆ ಅವಳು ತುಟಿ ಬಿಚ್ಚಲಿಲ್ಲ. ಬಾಯಾರಿದರೆ ಹೆಬ್ಬೆರಳು ತೋರಿಸುತ್ತಿದ್ದಳು. ಗೇಟು ದಾಟಿ ಆಟೋ ಹತ್ತಿದ ಮೇಲೆ ಶುರು: ಆ ವಿಷ್ಣುವಿನ ಮೂಗು ಯಾಕೆ ಹೋಗಿದೆ, ಆ ಚಿತ್ರದ ರಾಣಿಗೆ ಆರು ಬೆರಳಿದೆ ನೀನು ನೋಡಿದೆಯಾ, ಬರೆದವನಿಗೆ ನಿದ್ದೆ ಬಂದಿತ್ತು ಅಂತ ಕಾಣುತ್ತದೆ. ಆರು ಬೆರಳನ್ನು ನಾನು ನೋಡಿರಲಿಲ್ಲ. ದೀದಿಯೂ ನೋಡಿರಲಿಲ್ಲ, ನಾನು ನನ್ನದೇ ಶೋಧ ಎಂಬಂತೆ ಹೇಳಿದಾಗ ಹೋಗಿ ಎಣಿಸಿ ಬಂದು ಬೆನ್ನು ತಟ್ಟಿದರು.

ಎರಡನೆಯ ದಿನ, ಮಂಗಳವಾರ, ಒಬ್ಬೊಬ್ಬರೂ ಒಂದೊಂದು ವಸ್ತು ಆರಿಸಿಕೊಳ್ಳಬೇಕಿತ್ತು. ಗುಡ್ಡಿ ಆನೆಯನ್ನು ಆರಿಸಿಕೊಂಡಳು. ನಾನು ಹುಡುಕಿ ಹುಡುಕಿ ಶಿಲ್ಪಗಳ ಕೋಣೆಯ ಗಾಜಿನ ಮೇಜಿನಲ್ಲಿದ್ದ ಎಲ್ಲಕ್ಕಿಂತ ಚಿಕ್ಕ ವಸ್ತುವನ್ನು ಆರಿಸಿದೆ. ಕರಿಕಲ್ಲಿನ ಒಂದು ಪುಟ್ಟ ಶಿವಲಿಂಗ. ಎರಡು ನಿಮಿಷದಲ್ಲಿ ಬರೆದು ಪತಂಗ ಹಾರಿಸಲು ಓಡುವ ಯೋಚನೆ. ದೀದಿ ನನ್ನ ಕಾಗದ ನೋಡಿ, "ಇದು ಬದನೆಕಾಯಿ. ಹೋಗು, ಮತ್ತೆ ನೋಡು," ಅಂದರು. ಎರಡನೆಯ ಸಲ ಬರೆದು ತಂದೆ. "ಇದು ನಿನಗೆ ಗೊತ್ತಿರುವ ಲಿಂಗ. ಅಲ್ಲಿರುವುದಲ್ಲ." ಮೂರನೆಯ ಸಲ ಅಳು ನುಂಗಿಕೊಂಡು ಕೂತೆ. ಆಗ ಕಂಡಿತು. ಮುಂಭಾಗದಲ್ಲಿ ಕೊರೆದ ಮೂರು ಸಣ್ಣ ಗೆರೆ, ಅದರಲ್ಲಿ ನಡುವಿನದು ಸೊಟ್ಟ. ಕೆಳಗೆ ಎಡಕ್ಕೆ ಅಕ್ಕಿಕಾಳಿನಷ್ಟು ಚಕ್ಕೆ ಹಾರಿತ್ತು. ಪೀಠದ ನೀರು ಹರಿಯುವ ಮೂತಿ ತುದಿಯಲ್ಲಿ ಮುರಿದಿತ್ತು. ಇಡೀ ಕಲ್ಲು ಒಂದಿಷ್ಟು ಬಲಕ್ಕೆ ವಾಲಿತ್ತು. ಬರೆದು ತಂದೆ. ದೀದಿ ಕಾಗದದ ಹಿಂದೆ ವಾರ ಬರೆದು, ಮೂರು ಸಲ ನೋಡಿದ್ದಾನೆ ಎಂದು ಬರೆದು, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹಜಾರದ ಹಗ್ಗಕ್ಕೆ ಸಿಕ್ಕಿಸಿದರು.

ಶನಿವಾರಕ್ಕೆ ಬರುತ್ತೇನೆ.

ಅಜ್ಜಿಯ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇತ್ತು, ಅದರೊಳಗೆ ಅವಳ ಇಷ್ಟಲಿಂಗ. ದಿನಾ ಬೆಳಿಗ್ಗೆ ಮಿಂದು ಅದನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ನೀರು, ವಿಭೂತಿ, ಪತ್ರಿ ಏರಿಸಿ, ರೆಪ್ಪೆ ಹೊಡೆಯದೆ ನೋಡುತ್ತ ಕೂರುತ್ತಿದ್ದಳು. ಆ ಪೂಜೆ ಆಗುವ ತನಕ ಚಹಾ ಕೂಡ ಇಲ್ಲ. ಆ ಶನಿವಾರ ಅವ್ವ ರಾತ್ರಿ ಪಾಳಿ ಮುಗಿಸಿ ಬಂದಿರಲಿಲ್ಲ, ಮೇಲಿನ ಟ್ಯಾಂಕಿನಲ್ಲಿ ನೀರಿರಲಿಲ್ಲ, ಆಟೋದವನು ಹೊರಗೆ ಹಾರ್ನು ಒತ್ತುತ್ತಿದ್ದ. ನೀರು ಬಂದಾಗ ಅಜ್ಜಿ ಸ್ನಾನವನ್ನಷ್ಟೇ ಮಾಡಿ, ಗಿಂಡಿಯಲ್ಲಿ ಒಂದಿಷ್ಟು ನೀರು ತುಂಬಿ, ವಿಭೂತಿ ಗಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು. "ಎಲ್ಲೆರ ಒಂದ ಮೂಲಿಯಾಗ ಕೂತ ಮುಗಸ್ತೀನಿ," ಅಂದಳು.

ಹನ್ನೆರಡಕ್ಕೆ ಎಲ್ಲರಿಗೂ ಹಿಂದಿನ ಪಡಸಾಲೆಯಲ್ಲಿ ಚೂಡಾ ಮಟರ್ ಕೊಟ್ಟರು. ತುಪ್ಪದಲ್ಲಿ ಹುರಿದ ಅವಲಕ್ಕಿ, ಹಸಿ ಬಟಾಣಿ, ಶುಂಠಿ. ಚಳಿಯ ಕಾಶಿಯ ತಿಂಡಿ. ಅಜ್ಜಿ ಕಾಣಲಿಲ್ಲ. ಹಸಿದಿರುತ್ತಾಳೆ, ಪೂಜೆ ಮುಗಿದಿದ್ದರೆ ತಿನ್ನಲಿ ಎಂದು ಒಂದು ದೊನ್ನೆ ಹಿಡಿದು ಹುಡುಕುತ್ತ ಬಂದೆ. ಮೂರನೆಯ ಕಂಬದ ಬಳಿ ನನ್ನ ಕಾಲು ನಿಂತವು.

ಕಾವಲುಗಾರ ರಾಮಸೂರತ್ ಅಜ್ಜಿಯ ಎದುರು ನಿಂತಿದ್ದ. ಅವನ ಹಿಂದೆ ಗಾಜಿನ ಮೇಜು. ಮೇಜಿನ ಮುಚ್ಚಳ ತೆರೆದಿತ್ತು. ಕರಿಕಲ್ಲು ಇರಬೇಕಾದ ಜಾಗದಲ್ಲಿ ಮಾಸಿದ ಕೆಂಪು ಮಖಮಲ್ಲು, ಅದರ ಮೇಲೆ ಕಲ್ಲಿನ ಗುರುತು ಮಾತ್ರ. ಅಜ್ಜಿಯ ಗಿಂಡಿ ಉರುಳಿ ನೀರು ನೆಲದ ಮೇಲೆ ಹರಡಿತ್ತು. ಅವಳ ಎಡ ಅಂಗೈಯಲ್ಲಿ ಕಪ್ಪಗೆ ಹೊಳೆಯುವ ಒಂದು ಕಲ್ಲು. ಅದು ಏನೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೇ.

"ಮಾತಾಜೀ, ಈ ಕಾ ಹೌ?" ಇದೇನು ಎಂದು ರಾಮಸೂರತ್ ಕೇಳಿದ. ಒರಟಾಗಿ ಕೇಳಲಿಲ್ಲ. ಅಜ್ಜಿ ಬಲಗೈಯನ್ನು ಎಡ ಅಂಗೈ ಮೇಲೆ ಮುಚ್ಚಿದಳು. ಅವನು ಮತ್ತೆ ಕೇಳಿದ. ಅವಳು ಮಾತಾಡಲಿಲ್ಲ. ಅವನು ಸೀಟಿ ಊದಿದ.

ಮ್ಯಾನೇಜರ್ ಬಂದರು. ತೆಳ್ಳಗಿನ ಮನುಷ್ಯ, ಕುತ್ತಿಗೆಗೆ ಮಫ್ಲರು. ತೆರೆದ ಮೇಜು ನೋಡಿದರು, ಅಜ್ಜಿಯ ಮುಚ್ಚಿದ ಕೈ ನೋಡಿದರು. "ಕೊಡಿ ಮಾತಾಜಿ. ಕೊಟ್ಟುಬಿಡಿ, ಯಾರೂ ಏನೂ ಅನ್ನುವುದಿಲ್ಲ," ಅಂದರು. ಅಜ್ಜಿ ಅಲ್ಲಾಡಲಿಲ್ಲ. ಅವರು ದನಿ ಏರಿಸಿ ಸುತ್ತ ನೋಡಿದರು. "ಇವರ ಜೊತೆ ಯಾರಿದ್ದಾರೆ?"

ಆಗ ಅಜ್ಜಿ ತಲೆಯೆತ್ತಿದಳು. ಕಂಬದ ಬಳಿ ನನ್ನನ್ನು ಕಂಡಳು. ಕಂಡಳು ಎಂಬುದರಲ್ಲಿ ತಪ್ಪಿಲ್ಲ. ಕಣ್ಣಿಗೆ ಕಣ್ಣು ಕೂಡಿತ್ತು. ಕೂಡಿದ ಮೇಲೆ ಅವಳು ಕಣ್ಣು ತಿರುಗಿಸಿ ನಂದಿಯ ಕಿವಿಯನ್ನು ನೋಡತೊಡಗಿದಳು. ನನ್ನನ್ನು ಕರೆಯಲಿಲ್ಲ. ಹೊಸ್ತಿಲು ದಾಟಿದ ಮೇಲೆ ಮೂಕಿ ಎಂದು ಅವಳು ನನಗೆ ಮಾತು ಕೊಟ್ಟಿದ್ದಳು, ಮತ್ತು ಅದನ್ನು ಉಳಿಸಿಕೊಳ್ಳುತ್ತಿದ್ದಳು.

ಮ್ಯಾನೇಜರ್ ಇನ್ನೊಮ್ಮೆ ಕೇಳಿದರು. ಪಡಸಾಲೆಯಿಂದ ಜನ ಬಂದು ಬಾಗಿಲಲ್ಲಿ ಕೂಡುತ್ತಿದ್ದರು. ಗುಡ್ಡಿ ಇದ್ದಳು, ನನ್ನತ್ತಲೇ ನೋಡುತ್ತಿದ್ದಳು. ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದು ಮುಂದೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಮ್ಯಾನೇಜರ್ ಮೂರನೆಯ ಸಲ ಕೇಳುವ ತನಕ. ರಾಮಸೂರತ್ ಬಗ್ಗಿ ಗಿಂಡಿಯನ್ನು ನೆಟ್ಟಗೆ ನಿಲ್ಲಿಸುವ ತನಕ. ಮ್ಯೂಸಿಯಂ ನೋಡಲು ಬಂದಿದ್ದ ಹೊರಗಿನವರೊಬ್ಬರು "ಇವರು ತೀರ್ಥಯಾತ್ರೆಯ ಗುಂಪಿನವರು ಇರಬೇಕು, ದಾರಿ ತಪ್ಪಿ ಒಳಗೆ ಬಂದಿದ್ದಾರೆ" ಎಂದು ಹೇಳಿ ಮುಗಿಸುವ ತನಕ. ಅರ್ಧ ನಿಮಿಷಕ್ಕಿಂತ ಕಡಿಮೆಯಿಲ್ಲ.

"ಚೌಕಿಯಿಂದ ಹೆಣ್ಣು ಪೊಲೀಸರನ್ನು ಕರೆಸು," ಮ್ಯಾನೇಜರ್ ಹೇಳಿದರು. "ಅವರು ಕೈ ಬಿಡಿಸುತ್ತಾರೆ."

ಅಜ್ಜಿಗೆ ಹಿಂದಿ ಬಾರದು, ಆದರೆ ಪೊಲೀಸ್ ಎಂಬ ಮಾತು ಯಾರಿಗೆ ಗೊತ್ತಿಲ್ಲ? ಅವಳ ಮುಖದ ಮೇಲೆ ಏನೂ ಬದಲಾಗಲಿಲ್ಲ. ಮುಚ್ಚಿದ ಎರಡೂ ಕೈಗಳನ್ನು ಮಾತ್ರ ಎದೆಯ ಹತ್ತಿರ ತಂದುಕೊಂಡಳು.

ನಾನು ದೊನ್ನೆಯನ್ನು ಕಂಬದ ಬುಡದಲ್ಲಿ ಇಟ್ಟೆ.

"ಅಜ್ಜಿ, ಮಾತಾಡು," ಅಂದೆ. ಕನ್ನಡದಲ್ಲಿ, ಕೋಣೆಯ ತುದಿಯವರೆಗೂ ಕೇಳುವ ಹಾಗೆ. ಅವಳ ದನಿ ನನ್ನೊಳಗೂ ಇದೆ ಎಂದು ಆವತ್ತು ಗೊತ್ತಾಯಿತು.

ಅಜ್ಜಿ ನನ್ನ ಕಡೆ ತಿರುಗಿದಳು. "ಮಾತಾಡ್ಲೇನು? ಇಲ್ಲೇ?"

"ಇಲ್ಲೇ ಮಾತಾಡು. ನಾ ಹೇಳ್ತೀನಿ ಅವರಿಗೆ." ಹೋಗಿ ಅವಳ ಪಕ್ಕ ಒದ್ದೆ ನೆಲದ ಮೇಲೆ ಕೂತೆ. ಮ್ಯಾನೇಜರಿಗೆ ಹಿಂದಿಯಲ್ಲಿ ಹೇಳಿದೆ, "ಇವರು ನನ್ನ ಅಜ್ಜಿ. ನನ್ನ ಜೊತೆ ಬಂದಿದ್ದಾರೆ."

ಅಜ್ಜಿ ಹೇಳಿದ್ದನ್ನು ನಾನು ಅಲ್ಲೇ ತಿರುಗಿಸಿ ಹೇಳಿದೆ. ಅವಳ ಮಾತು ಹೀಗಿತ್ತು: "ಇದು ಎಂಟ ವರ್ಷದ ಹುಡುಗಿ ಇದ್ದಾಗ ನನಗ ಗುರುಗೋಳು ಕಟ್ಟಿದ್ದು. ಅವತ್ತಿನಿಂದ ಮೈಮ್ಯಾಲಿಂದ ತಗದಿಲ್ಲ. ಹೆರಿಗಿ ಆಗೂ ಮುಂದೂ ತಗದಿಲ್ಲ. ನಿಮ್ಮಜ್ಜನ ಕೈಯಾಗೂ ಕೊಟ್ಟಿಲ್ಲ. ನೋಡೂದಿದ್ರ ನೋಡ್ಲಿ, ಕೈ ತಗೀತೀನಿ. ಮುಟ್ಟೂದು ಬ್ಯಾಡ. ಇದು ಮಂದಿ ಕೈಗೆ ಹೋತಂದ್ರ ನನ್ನ ಕಡೆ ಏನ ಉಳೀತು?"

ಮ್ಯಾನೇಜರ್ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ. ಆದರೆ ಅವರ ಕೈಯಲ್ಲಿ ಆಗಲೇ ದಪ್ಪ ರಿಜಿಸ್ಟರು ಬಂದಿತ್ತು. ಅದರಲ್ಲಿ ಆ ವಸ್ತುವಿನ ಬಗ್ಗೆ ಇದ್ದದ್ದು ಒಂದೇ ಸಾಲು: ಶಿವಲಿಂಗ, ಕಪ್ಪು ಕಲ್ಲು, ಚಿಕ್ಕದು. ಫೋಟೊ ಇರಲಿಲ್ಲ. ಮೇಜು ಖಾಲಿ, ಹತ್ತಿರದಲ್ಲಿ ಒಬ್ಬಳೇ ಒಬ್ಬ ಹೆಂಗಸು, ಅವಳ ಕೈಯಲ್ಲಿ ಚಿಕ್ಕ ಕಪ್ಪು ಕಲ್ಲಿನ ಶಿವಲಿಂಗ. "ಮಗೂ, ನೀನು ಹೇಳುವುದು ನಿಜವೇ ಇರಬಹುದು. ಆದರೆ ಇದು ಅದಲ್ಲ ಅಂತ ನಾನು ಮಾಲೀಕರಿಗೆ ಹೇಗೆ ತೋರಿಸಲಿ? ಎರಡು ನಿಮಿಷ ಆಫೀಸಿಗೆ ಕೊಡಲಿ, ತಿರುಗಿಸಿ ಕೊಡುತ್ತೇನೆ."

"ಕೊಡೂದಿಲ್ಲ," ಅಂದಳು ಅಜ್ಜಿ. ಇದನ್ನು ತಿರುಗಿಸಿ ಹೇಳಬೇಕಾಗಲಿಲ್ಲ.

ಹೇಗೆ ತೋರಿಸಲಿ ಎಂಬ ಮಾತು ಕಿವಿಯಲ್ಲೇ ಇದ್ದಾಗ ನನಗೆ ಹಗ್ಗ ನೆನಪಾಯಿತು. ಎದ್ದು ಓಡಿದೆ. ಅವ್ವನ ಕಥೆಯಲ್ಲಿರುವ ಓಟ ಇದೇ ಇರಬೇಕು. ಹಜಾರಕ್ಕೆ ಹೋಗಿ ಕುರ್ಚಿ ಹತ್ತಿ, ಗುಡ್ಡಿಯ ಆನೆಯ ಪಕ್ಕದಲ್ಲಿದ್ದ ನನ್ನ ಕಾಗದವನ್ನು ಕ್ಲಿಪ್ಪಿನ ಸಮೇತ ಕಿತ್ತುಕೊಂಡು ಬಂದೆ. ಬರುವಷ್ಟರಲ್ಲಿ ವಿಭಾ ದೀದಿ ಒಳಗೆ ಬಂದಿದ್ದರು. ಅವರು ಕಾಗದದ ಹಿಂಬದಿಯನ್ನು ಮ್ಯಾನೇಜರಿಗೆ ತೋರಿಸಿದರು. "ಮಂಗಳವಾರ ಬರೆದದ್ದು. ಇದು ನನ್ನ ಅಕ್ಷರ. ಮೂರು ಸಲ ನೋಡಿಸಿದ್ದೇನೆ."

"ಮಕ್ಕಳ ಚಿತ್ರ," ಮ್ಯಾನೇಜರ್ ಅಂದರು.

"ನನಗೆ ಕೊಡಿ," ಎಂದು ಮುಂದೆ ಬಂದವರು ಇದ್ರೀಸ್ ಚಾಚಾ. ಮದನಪುರಾದವರು, ಮೊಮ್ಮಗನ ಜೊತೆ ಶಿಬಿರಕ್ಕೆ ಬರುತ್ತಿದ್ದರು. ಬನಾರಸಿ ಸೀರೆಗೆ ನಕ್ಷೆ ಬರೆಯುವುದು ಅವರ ಕೆಲಸ. ಚೌಕಳಿ ಕಾಗದದ ಮೇಲೆ ಹೂವು ಬರೆದು, ಅದೇ ಹೂವು ನೂಲಿನಲ್ಲಿ ಬಂದಿದೆಯೋ ಇಲ್ಲವೋ ಎಂದು ಎಳೆ ಎಣಿಸಿ ಹೇಳುವವರು. ಅವರು ಅಜ್ಜಿಯ ಎದುರು ನೆಲದ ಮೇಲೆ ಕೂತರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಅಮ್ಮನಿಗೆ ಹೇಳು ಬೇಟಾ, ನಾನು ಮುಟ್ಟುವುದಿಲ್ಲ. ನನ್ನ ಕೈ ಹಿಂದೆ ಇದೆ. ನೀನು ಕಾಗದ ಹಿಡಿ."

ಅಜ್ಜಿ ಬಲಗೈ ತೆಗೆದಳು.

ನಾನು ಕಾಗದವನ್ನು ಅವಳ ಅಂಗೈ ಪಕ್ಕಕ್ಕೆ ಹಿಡಿದೆ. ಬಾಗಿಲಲ್ಲಿದ್ದವರೆಲ್ಲ ಹತ್ತಿರ ಬಂದರು. ಚಾಚಾ ಕಾಗದ ನೋಡಿದರು, ಅಂಗೈ ನೋಡಿದರು, ಮತ್ತೆ ಕಾಗದ ನೋಡಿದರು. ಅವಸರ ಮಾಡಲಿಲ್ಲ. ಅಂಗೈಯಲ್ಲಿದ್ದದ್ದು ಬೆಟ್ಟದ ನೆಲ್ಲಿಕಾಯಿಯಷ್ಟು ಗಾತ್ರ, ಗುಂಡಗೆ, ನುಣ್ಣಗೆ, ಒಂದು ಗೀರೂ ಇಲ್ಲದ್ದು. ಅದಕ್ಕೆ ಪೀಠವಿರಲಿಲ್ಲ.

"ಈ ಮೂರು ಗೆರೆ ನೀನು ಅಂದಕ್ಕೆ ಹಾಕಿದ್ದಾ?" ಚಾಚಾ ಕೇಳಿದರು.

"ಅಲ್ಲ. ಇದೆ ಅಲ್ಲಿ."

"ನಡುವಿನದು ಯಾಕೆ ಸೊಟ್ಟ? ಕೈ ನಡುಗಿತಾ?"

"ಇಲ್ಲ. ಅಲ್ಲೇ ಸೊಟ್ಟಗಿದೆ."

ಚಾಚಾ ಮ್ಯಾನೇಜರ್ ಕಡೆ ತಿರುಗಿದರು. ಆದರೆ ಅವರು ಬಾಯಿ ತೆರೆಯುವ ಮುಂಚೆ ರಾಮಸೂರತ್ ಮಾತಾಡಿದ. ಅವನು ತನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದ. "ಸೊಟ್ಟಗೇ ಇದೆ ಸಾಹೇಬ್. ಸೋಮವಾರ ಸೋಮವಾರ ನಾನೇ ಒರೆಸುವುದು. ಬಟ್ಟೆ ಆ ಗೆರೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಬೆರಳಿಗೆ ಗೊತ್ತಾಗುತ್ತದೆ. ಹುಡುಗ ಸರಿಯಾಗಿ ಬರೆದಿದ್ದಾನೆ. ನಮ್ಮದು ಅದು. ಇದಲ್ಲ." ಆಮೇಲೆ, "ಇಷ್ಟು ವರ್ಷ ಒರೆಸಿದ್ದೇನೆ, ಒಂದು ಸಲವೂ ನೋಡಿರಲಿಲ್ಲ," ಅಂದ. ಸೀಟಿ ಊದಿದವನು ಅವನೇ. ಆ ಮಾತು ಹೇಳುವುದು ಅವನಿಗೆ ಸುಲಭವಿರಲಿಲ್ಲ.

ಮ್ಯಾನೇಜರ್ ರಿಜಿಸ್ಟರು ಮುಚ್ಚಿದರು. ಮಫ್ಲರು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಅಜ್ಜಿಯ ಮುಂದೆ ಬಗ್ಗಿ, ಕ್ಷಮಿಸಬೇಕು ಎಂದರು. ಏನಾದರೂ ಬೇಕೇ ಎಂದು ಕೇಳಿದರು.

"ಒಂದೀಟ ನೀರ ಬೇಕಂತ ಹೇಳು," ಅಂದಳು ಅಜ್ಜಿ. "ಇವರ ಗದ್ದಲದಾಗ ಚೆಲ್ಲೇತಿ."

ರಾಮಸೂರತ್ ಗಿಂಡಿ ತೊಳೆದು ತುಂಬಿಸಿ ತಂದ. ಅಜ್ಜಿ ಅಲ್ಲೇ ಕೂತು ಪೂಜೆ ಶುರು ಮಾಡಿದಳು. ಯಾರೂ ಹೊರಗೆ ಹೋಗಲಿಲ್ಲ, ಯಾರೂ ಇರಿ ಎಂದು ಹೇಳಿರಲೂ ಇಲ್ಲ. ಮೂವತ್ತು ಜನ ಗೋಡೆಗೆ ಒರಗಿ ನಿಂತಿದ್ದರು. ವಿಭೂತಿಯ ವಾಸನೆ ಆ ತಣ್ಣನೆಯ ಕೋಣೆಯಲ್ಲಿ ಹರಡಿತು. ಅಜ್ಜಿ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡತೊಡಗಿದಳು. ನಾನು ಅವಳ ರೆಪ್ಪೆಗಳನ್ನು ನೋಡುತ್ತಿದ್ದೆ. ಅವು ಅಲುಗಲಿಲ್ಲ. ದೀದಿ ಗಡಿಯಾರ ನೋಡಿ, ಮತ್ತೆ ಅಜ್ಜಿಯನ್ನು ನೋಡಿದರು.

ಮುಗಿದ ಮೇಲೆ ಕರಡಿಗೆ ಮುಚ್ಚಿ, ಕಂಬದ ಬುಡದಲ್ಲಿ ಆರಿಹೋಗಿದ್ದ ದೊನ್ನೆ ತರಿಸಿ ಪೂರ್ತಿ ತಿಂದಳು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. "ಹೆಂಗೈತಿ ಅಂತ ಕೇಳಾಕತ್ತಾರ," ಅಂದೆ. "ಉಪ್ಪ ಕಡಿಮಿ ಆಗೇತಿ. ಆದ್ರ ಈಗ ಹೇಳಬ್ಯಾಡ, ಪಾಪ, ಆಗಲೇ ಹೆದರ್ಯಾರ," ಅಂದಳು. ನಾನು ಹೇಳಿಯೇಬಿಟ್ಟೆ. ಮೊದಲು ನಕ್ಕವರು ಮ್ಯಾನೇಜರ್.

ಕರಿಕಲ್ಲು ಸೋಮವಾರ ಸಿಕ್ಕಿತು. ವಾಲಿದ್ದ ಅದನ್ನು ನೆಟ್ಟಗೆ ಕೂರಿಸಬೇಕೆಂದು ಮ್ಯಾನೇಜರರೇ ಶುಕ್ರವಾರ ಸಂಜೆ ತೆಗೆದು, ಬಿಸ್ಕತ್ತಿನ ಡಬ್ಬಿಯೊಳಗೆ ಹತ್ತಿಯಲ್ಲಿಟ್ಟು, ಆಫೀಸಿನ ಅಲಮಾರಿಯಲ್ಲಿ ಮರೆತಿದ್ದರು. ಮೇಜಿನ ಮುಚ್ಚಳ ಮುಚ್ಚಿ ಚಿಲಕ ಹಾಕುವುದನ್ನೂ ಮರೆತಿದ್ದರು. ಅವರು ಅದನ್ನು ಮುಚ್ಚಿಡಲಿಲ್ಲ. ಡಬ್ಬಿಯನ್ನು ಹಜಾರಕ್ಕೆ ತಂದು ಎಲ್ಲರ ಮುಂದೆ ತೆರೆದು ತೋರಿಸಿದರು. ನನ್ನ ಕಾಗದ ಕೇಳಿ ಪಡೆದು ರಿಜಿಸ್ಟರಿನ ಆ ಒಂದು ಸಾಲಿನ ಕೆಳಗೆ ಗೋಂದು ಹಚ್ಚಿ ಅಂಟಿಸಿದರು.

ಆಮೇಲಿನ ವಾರದಲ್ಲಿ ಕೋಠಿಯ ಒಳಗೆ ಅಜ್ಜಿಯ ದನಿ ಐದೂ ಕೋಣೆಗಳಲ್ಲಿ ಕೇಳುತ್ತಿತ್ತು. ರಾಣಿಯ ಆರು ಬೆರಳು ಕಂಡುಹಿಡಿದವಳು ಅಜ್ಜಿ ಎಂದು ನಾನೇ ದೀದಿಗೆ ಒಪ್ಪಿಸಿದೆ. ಗುಡ್ಡಿ "ನೋಡು" ಎಂಬ ಒಂದು ಕನ್ನಡ ಮಾತು ಕಲಿತು, ಕಂಡಕಂಡದ್ದಕ್ಕೆಲ್ಲ ಬೆರಳು ಚಾಚಿ ನೋಡು ನೋಡು ಎಂದು ತಲೆ ತಿನ್ನುತ್ತಿದ್ದಳು. ಸಂಕ್ರಾಂತಿಯ ದಿನ ಅಜ್ಜಿ ಟ್ರಂಕಿನಲ್ಲಿ ಉಳಿದಿದ್ದ ಕುಸುರೆಳ್ಳನ್ನೆಲ್ಲ ತಂದು ಎಲ್ಲರ ಕೈಗೆ ಹಾಕಿದಳು.

ಕೊನೆಯ ದಿನ ಮಕ್ಕಳ ಮನೆಯವರೆಲ್ಲ ಬಂದರು. ಅಪ್ಪ ಅವ್ವ ಇಬ್ಬರೂ ಬಂದಿದ್ದರು. ನಮ್ಮ ನಮ್ಮ ವಸ್ತುವಿನ ಮುಂದೆ ನಿಂತು ನಾವು ವಿವರಿಸಿದ ಮೇಲೆ ದೀದಿ ಅಜ್ಜಿಯನ್ನು ಕರೆದರು. "ಈ ಹನ್ನೆರಡು ದಿನ ನಾನು ಕಲಿಸಲು ನೋಡಿದ್ದು ಇವರಿಗೆ ಮೊದಲೇ ಬರುತ್ತದೆ. ಇವತ್ತು ಇವರು ಕಲಿಸುತ್ತಾರೆ," ಅಂದರು.

ಅಜ್ಜಿ ಬುಟ್ಟಿಯಿಂದ ಒಬ್ಬೊಬ್ಬರಿಗೆ ಒಂದೊಂದು ಹಸಿ ಬಟಾಣಿ ಕಾಳು ಕೊಟ್ಟಳು. "ಎಡಗೈಯಾಗ ಇಟಗೊಳ್ರಿ. ಬಲಗೈ ಕೆಳಗ ಇರ್ಲಿ, ಅದು ಭಾಳ ಗಡಿಬಿಡಿ ಕೈ. ಈಗ ನೋಡ್ರಿ. ಏನ ಕಾಣ್ತೈತಿ ಅಂತ ಯಾರಿಗೂ ಹೇಳಬ್ಯಾಡ್ರಿ." ನಾನು ಸಾಲು ಸಾಲಾಗಿ ಹಿಂದಿಗೆ ತಿರುಗಿಸಿದೆ. ಪ್ರೊಫೆಸರರು, ನೇಕಾರರು, ಡಾಕ್ಟರಮ್ಮ, ಮ್ಯಾನೇಜರ್, ಹೆಗಲಿಗೆ ಸೀಟಿ ನೇತುಹಾಕಿಕೊಂಡ ರಾಮಸೂರತ್, ಸುಮಾರು ಅರವತ್ತು ಜನ ನೆಲದ ಮೇಲೆ ಕೂತು ಅಂಗೈಯ ಬಟಾಣಿ ನೋಡಿದರು. ಹೊರಗೆ ಆಟೋಗಳ ಹಾರ್ನು, ಘಾಟಿನ ನಾವಿಕರ ಕೂಗು. ಒಳಗೆ ಯಾರ ಬಳೆಯೂ ಸದ್ದು ಮಾಡಲಿಲ್ಲ. ಹತ್ತು ನಿಮಿಷ ಕಳೆದು ಹನ್ನೆರಡಾಯಿತು, ಹದಿನೈದಾಯಿತು. ನಿಲ್ಲಿಸಿ ಎಂದು ಹೇಳುವುದನ್ನು ದೀದಿ ಮ‌ರೆತಿದ್ದರು.

ಅಜ್ಜಿ ಆಮೇಲೆ ಆರು ಚಳಿಗಾಲ ಕಾಶಿಗೆ ಬಂದಳು, ಏಳನೆಯದಕ್ಕೆ ಬರಲಿಲ್ಲ. ಶಿಬಿರ ಅದಕ್ಕೂ ಮುಂಚೆಯೇ ನಿಂತಿತ್ತು. ಕೋಠಿ ಈಗ ಹೋಟೆಲು. ಕಲ್ಲುಗಳು ಹಂಚಿಹೋದವು, ಕರಿಕಲ್ಲು ಎಲ್ಲಿದೆಯೋ, ರಿಜಿಸ್ಟರು ಯಾವ ರದ್ದಿಗೆ ಹೋಯಿತೋ ಗೊತ್ತಿಲ್ಲ. ಹೋದ ವರ್ಷ ದಿಲ್ಲಿಯ ದೊಡ್ಡ ಮ್ಯೂಸಿಯಂ ಒಂದರಲ್ಲಿ ನನ್ನ ಮಗಳನ್ನು ಒಂದು ಶಿಲ್ಪದ ಮುಂದೆ ನಿಲ್ಲಿಸಿ, ಹತ್ತು ನಿಮಿಷ ನೋಡೋಣ ಅಂದೆ. ಅವಳು ಎರಡು ನಿಮಿಷ ನಿಂತಳು. ನಾನು ಗಡಿಯಾರ ನೋಡಿಕೊಂಡೇ ನಿಂತಿದ್ದೆ. ನಾಲ್ಕನೆಯ ನಿಮಿಷಕ್ಕೆ ನನ್ನ ಕೈ ಜೇಬಿನ ಫೋನಿಗೆ ಹೋಯಿತು. ಹತ್ತು ವರ್ಷದವನಿಗೆ ಮೂರು ಸಲ ಹತ್ತು ನಿಮಿಷ ಇತ್ತು. ಈಗ ನನ್ನ ಬಳಿ ಇರುವುದು ನಾಲ್ಕು.

ಮ್ಯಾನೇಜರ್ ತೀರಿಕೊಂಡರು. ಇದ್ರೀಸ್ ಚಾಚಾ ಕೂಡ. ಆ ಶನಿವಾರ ಆ ಕೋಣೆಯಲ್ಲಿದ್ದು, ಈಗ ಎಲ್ಲಿದ್ದಾರೆಂದು ನನಗೆ ಗೊತ್ತಿರುವವರು ಇವರು: ಲಖನೌದಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಿರುವ ವಿಭಾ ದೀದಿ, ಮದುವೆಯಾಗಿ ಪಟ್ನಾದಲ್ಲಿರುವ ಗುಡ್ಡಿ, ರಾಮನಗರದಲ್ಲಿ ಮಗನ ಮನೆಯಲ್ಲಿರುವ, ಕಣ್ಣು ಮಂಜಾದ ರಾಮಸೂರತ್, ಮತ್ತು ನಾನು. ನಾಲ್ವರಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ನಾನು ಅರ್ಧ ನಿಮಿಷ ಸುಮ್ಮನಿದ್ದದ್ದನ್ನೂ ಅವರು ಹೇಳಿಯಾರು, ಹೇಳಲಿ. ಆದರೆ ನಾಲ್ವರೂ ಒಂದೇ ಮಾತು ಹೇಳುತ್ತೇವೆ: ಆ ಲಿಂಗ ನೀಲಮ್ಮಜ್ಜಿಯ ಅಂಗೈ ಬಿಟ್ಟು ಯಾರ ಕೈಗೂ ಹೋಗಲಿಲ್ಲ.